ಡಬ್ಬಿಗ್ಯಾಕ ಅಷ್ಟು ರೊಕ್ಕ?

ಮನೆಯಲ್ಲೇ ಕಂಪ್ಯೂಟರ್ ಜೋಡಿಸಲು ಹೊರಟವರ ಪಟ್ಟಿ ನೋಡಿದ್ದೀರಾ? ಮೊದಲ ಸಾಲಿನಲ್ಲಿ ಪ್ರೊಸೆಸರ್. ಆಮೇಲೆ ಮದರ್‌ಬೋರ್ಡು, ರ‍್ಯಾಮ್, ಎಸ್‌ಎಸ್‌ಡಿ. ಆಸೆ ಇದ್ದವರಿಗೆ ಗ್ರಾಫಿಕ್ಸ್ ಕಾರ್ಡು. ಕೊಟ್ಟಕೊನೆಗೆ, ಮದುವೆ ಪಟ್ಟಿಯಲ್ಲಿ ಎಲೆ ಅಡಿಕೆ ಬರೆದ ಹಾಗೆ, ಕ್ಯಾಬಿನೆಟ್ಟು. ಮೇಲಿನವುಗಳಿಗೆಲ್ಲ ಖರ್ಚಾಗಿ ಉಳಿದ ಚಿಲ್ಲರೆಯಲ್ಲಿ ಅದು ಬರಬೇಕು.

ಇನ್ನೊಂದು ಜಾತಿಯವರೂ ಇದ್ದಾರೆ. ಅವರ ಪಟ್ಟಿ ಶುರುವಾಗುವುದೇ ಕ್ಯಾಬಿನೆಟ್ಟಿನಿಂದ. ಮೂರು ಕಡೆ ಗಾಜು, ಆರು ಫ್ಯಾನು, ಏಳು ಬಣ್ಣದ ದೀಪ. ಗಣಪತಿ ಮಂಟಪದ ಹಾಗೆ ಮಿಣಮಿಣ ಅನ್ನಬೇಕು, ಒಳಗೆ ಏನಿದ್ದರೂ ನಡೆದೀತು :-)

ಈ ಇಬ್ಬರೂ ತಪ್ಪು ಲೆಕ್ಕ ಹಾಕುತ್ತಿದ್ದಾರೆ ಎಂಬುದು ನನ್ನ ಅಭಿಪ್ರಾಯ. ಅದರಲ್ಲೂ ನಮ್ಮ ಹುಬ್ಬಳ್ಳಿ-ಧಾರವಾಡದಂಥ ಊರಲ್ಲಿ ಕಡಿಮೆ ದುಡ್ಡಿನಲ್ಲಿ ಕಂಪ್ಯೂಟರ್ ಜೋಡಿಸುವವರು ಕ್ಯಾಬಿನೆಟ್ಟನ್ನು ಅಂದ ನೋಡಿ ಆರಿಸಬಾರದು, ಬರೀ ಬೆಲೆ ನೋಡಿಯೂ ಆರಿಸಬಾರದು. ಊರಿನ ಧೂಳು, ಸೆಕೆ, ಮನೆಯ ಕರೆಂಟು ಈ ಮೂರನ್ನು ನೋಡಿ ಆರಿಸಬೇಕು. ಯಾಕೆ ಅಂತ ಹೇಳುತ್ತೇನೆ, ಸ್ವಲ್ಪ ಉದ್ದವಾಗುತ್ತದೆ, ಚಹಾ ತಂದುಕೊಂಡು ಕೂತರೆ ಒಳ್ಳೆಯದು.

ಈ ವಿಷಯ ಬರೆಯಲು ಕಾರಣ ನನ್ನ ಚಿಗವ್ವನ ಮಗ. ಹುಬ್ಬಳ್ಳಿಯಲ್ಲಿ ಇಂಜಿನಿಯರಿಂಗ್ ಸೇರಿದ್ದಾನೆ. ಲ್ಯಾಪ್‌ಟಾಪ್ ಬೇಡ, ಬಿಡಿಭಾಗ ತಂದು ಜೋಡಿಸೋಣ ಅಣ್ಣಾ ಅಂದ. ಮಾನಿಟರ್ ಬಿಟ್ಟು ನಲವತ್ತೈದು ಸಾವಿರ, ಅದಕ್ಕಿಂತ ಒಂದು ರೂಪಾಯಿ ಜಾಸ್ತಿ ಇಲ್ಲ ಅಂತ ಕಾಕಾನ ಆಜ್ಞೆ. 2025ರ ಕೊನೆಗೆ ರ‍್ಯಾಮ್ ಬೆಲೆ ಹೇಗೆ ಜಿಗಿಯಿತು ಅಂತ ನಿಮಗೆಲ್ಲ ಗೊತ್ತೇ ಇದೆ. ಹಾಗಾಗಿ ಪಟ್ಟಿ ಹಾಕುತ್ತಾ ಹೋದ ಹಾಗೆ ಎಲ್ಲರ ಕಣ್ಣು ಕೊನೆಯ ಸಾಲಿನ ಮೇಲೆ ಬಿತ್ತು.

"ಏ ತಮ್ಮಾ, ಈ ಖಾಲಿ ಡಬ್ಬಿಗ್ಯಾಕ ಮೂರು ಸಾವಿರ? ತಗಡಿನ ಡಬ್ಬಿ ಅಲ್ಲನೂ ಅದು? ನಮ್ಮ ಮನ್ಯಾಗಿನ ಜ್ವಾಳದ ಡಬ್ಬಿ ಒಯ್ಯಿರಿ ಬೇಕಾರ" ಅಂದರು ಕಾಕಾ.

"ಕಾಕಾ, ಜ್ವಾಳ ಬಿಸಿ ಆಗೂದಿಲ್ರಿ" ಅಂದೆ. ಅವರು ನಕ್ಕರು, ಆದರೆ ಒಪ್ಪಲಿಲ್ಲ. ಪ್ರಶ್ನೆ ಮಾತ್ರ ಸರಿಯಾದದ್ದೇ. ಮೂರು ಸಾವಿರ ಅಂದರೆ ಒಂದು ಮನೆಯ ತಿಂಗಳ ಕಿರಾಣಿಯ ಒಂದು ಭಾಗ. ಅದಕ್ಕೆ ಉತ್ತರ ಕೊಡದೆ ಖರ್ಚು ಮಾಡಿಸಬಾರದು.

ಮೊದಲು ಒಂದು ಮಾತು. ನಮ್ಮಲ್ಲಿ ಈ ಡಬ್ಬಿಗೇ "ಸಿಪಿಯು" ಅನ್ನುವ ರೂಢಿ ಇದೆ. ಮಾನಿಟರ್ ಒಂದು, ಸಿಪಿಯು ಒಂದು. ಖಂಡೇನವಮಿಯ ದಿನ ಅರಿಷಿಣ ಕುಂಕುಮ ಬೀಳುವುದೂ ಆ ಡಬ್ಬಿಯ ಹಣೆಗೇ. ನಿಜವಾದ ಸಿಪಿಯು ಒಳಗಿರುವ, ಅಂಗೈಗಿಂತ ಚಿಕ್ಕ ಚಿಪ್ಪು. ಡಬ್ಬಿಯನ್ನೇ ಕಂಪ್ಯೂಟರ್ ಅಂದುಕೊಂಡವರು ಅದರ ಅಂದ ನೋಡುತ್ತಾರೆ. ಡಬ್ಬಿ ಬರೀ ಡಬ್ಬಿ ಅಂದುಕೊಂಡವರು ಅಗ್ಗದ್ದು ತರುತ್ತಾರೆ. ನನ್ನ ಪ್ರಕಾರ ಅದು ಕಂಪ್ಯೂಟರಿನ ಮನೆ. ಮನೆ ಕಟ್ಟುವಾಗ ನಾವು ಗಾಳಿ ಎಲ್ಲಿಂದ ಬರುತ್ತದೆ, ಮಳೆ ಎತ್ತಲಿಂದ ಹೊಡೆಯುತ್ತದೆ ಅಂತ ನೋಡುವುದಿಲ್ಲವೇ? ಹಾಗೆ.

ಈಗ ಅಗ್ಗದ ದಾರಿಯಿಂದಲೇ ಶುರು ಮಾಡೋಣ. ಅಂಗಡಿಗೆ ಹೋದರೆ ಮೊದಲು ತೋರಿಸುವುದು "ಎಸ್‌ಎಂಪಿಎಸ್ ಸಹಿತ" ಕ್ಯಾಬಿನೆಟ್ಟು. ಡಬ್ಬಿಯೂ ಬಂತು, ಕರೆಂಟು ಕೊಡುವ ಪೆಟ್ಟಿಗೆಯೂ ಬಂತು, ಎರಡೂ ಸೇರಿ ಎರಡು ಸಾವಿರದ ಆಸುಪಾಸು. ಇಷ್ಟು ಸಸ್ತಾ ಹೇಗೆ ಸಾಧ್ಯ ಅಂತ ಯಾರೂ ಕೇಳುವುದಿಲ್ಲ. ಮೇಲೆ ದೊಡ್ಡದಾಗಿ 450 ವ್ಯಾಟ್ ಅಂತ ಬರೆದಿರುತ್ತದೆ.

ಅಲ್ಲೇ ಅಂಟಿಸಿರುವ ಚೀಟಿಯನ್ನು ಓದಿ. 12 ವೋಲ್ಟ್ ಅನ್ನುವ ಕಾಲಂ ಹುಡುಕಿ. ಈಗಿನ ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡು ಎರಡೂ ಹೆಚ್ಚುಕಡಿಮೆ ಎಲ್ಲ ಕರೆಂಟನ್ನೂ ಆ 12 ವೋಲ್ಟಿನಿಂದಲೇ ಎಳೆಯುತ್ತವೆ. ಅಲ್ಲಿ 16 ಆಂಪಿಯರ್ ಅಂತಿದ್ದರೆ 12 × 16 = 192 ವ್ಯಾಟ್. ಮುಗಿಯಿತು ಲೆಕ್ಕ. ಹೊರಗೆ 450, ಕೆಲಸಕ್ಕೆ ಬರುವುದು 192! ಒಳ್ಳೆಯ 450 ವ್ಯಾಟಿನ ಎಸ್‌ಎಂಪಿಎಸ್‌ನಲ್ಲಿ ಅದೇ ಕಾಲಂನಲ್ಲಿ 35ರ ಹತ್ತಿರ ಇರುತ್ತದೆ. ಹೈಸ್ಕೂಲಿನ ಗುಣಾಕಾರ ಬಂದರೆ ಸಾಕು, ಇದಕ್ಕೆ ಇಂಜಿನಿಯರಿಂಗ್ ಡಿಗ್ರಿ ಬೇಡ.

ಹೋಗಲಿ, ನಮಗೆ ಅಷ್ಟು ವ್ಯಾಟ್ ಬೇಕಿಲ್ಲ ಅನ್ನಬಹುದು. ಆದರೆ ತೊಂದರೆ ವ್ಯಾಟಿನದ್ದಷ್ಟೇ ಅಲ್ಲ. ಕರೆಂಟು ಏರುಪೇರಾದಾಗ, ಒಳಗೆ ಶಾರ್ಟ್ ಆದಾಗ ಒಳ್ಳೆಯ ಎಸ್‌ಎಂಪಿಎಸ್ ತಾನಾಗಿ ಬಂದ್ ಆಗುತ್ತದೆ. ಆ ರಕ್ಷಣೆಯ ಭಾಗಗಳನ್ನು ಬಿಟ್ಟರೆ ತಯಾರಕರಿಗೆ ಖರ್ಚು ಉಳಿಯುತ್ತದೆ, ಅಗ್ಗದ್ದರಲ್ಲಿ ಮೊದಲು ಮಾಯವಾಗುವುದು ಅವೇ. ಆಗ ಅದು ಸಾಯುವಾಗ ಒಂಟಿಯಾಗಿ ಸಾಯುವುದಿಲ್ಲ, ಬೋರ್ಡನ್ನೂ ಡಿಸ್ಕನ್ನೂ ಜತೆಗೆ ಕರೆದುಕೊಂಡು ಹೋಗುತ್ತದೆ. ನಲವತ್ತೈದು ಸಾವಿರ ಕೂಡಿಸಲು ಎರಡು ವರ್ಷ ತೆಗೆದುಕೊಂಡ ಮನೆಯಲ್ಲಿ ಅದು ಸಣ್ಣ ಮಾತಲ್ಲ. ಹಾಗಾಗಿ ನನ್ನ ಮೊದಲ ನಿಯಮ: ಕ್ಯಾಬಿನೆಟ್ಟು ಬೇರೆ, ಎಸ್‌ಎಂಪಿಎಸ್ ಬೇರೆ. 80 ಪ್ಲಸ್ ಗುರುತು 2004ರಿಂದ ಇದೆ. ಅದು ಹೇಳುವುದು ಕರೆಂಟು ಎಷ್ಟು ಪೋಲಾಗುತ್ತದೆ ಅಂತ ಮಾತ್ರ, ರಕ್ಷಣೆಯ ಬಗ್ಗೆ ಅಲ್ಲ. ಆದರೂ ಚೀಟಿಯ ಲೆಕ್ಕ, ಆ ಗುರುತು, ಮೂರು ವರ್ಷಕ್ಕೆ ಕಡಿಮೆಯಿಲ್ಲದ ವಾರಂಟಿ ಮೂರೂ ಇದ್ದರೆ ನಂಬಬಹುದು.

ಇನ್ನು ಗಾಜಿನ ಮಂಟಪ. ಗಾಜಿನ ಮೇಲೆ ನನಗೇನೂ ದ್ವೇಷವಿಲ್ಲ, ನೋಡಲು ಚಂದ. ಆದರೆ ಮುಂದುಗಡೆ ಪೂರ್ತಿ ಗಾಜಿದ್ದರೆ ಫ್ಯಾನುಗಳು ಗಾಳಿ ಎಳೆದುಕೊಳ್ಳುವುದು ಎಲ್ಲಿಂದ? ಪಕ್ಕದ ಬೆರಳಗಲದ ಸೀಳಿನಿಂದ. ಮೂಗಿಗೆ ಬಟ್ಟೆ ಕಟ್ಟಿಕೊಂಡು ಓಡಿದ ಹಾಗೆ. ಮತ್ತೆ ಈ ಟೆಂಪರ್ಡ್ ಗಾಜಿನ ಸ್ವಭಾವ ಗೊತ್ತಲ್ಲ, ನಡುವೆ ಗುದ್ದಿದರೆ ತಡೆಯುತ್ತದೆ, ಅಂಚು ಕಲ್ಲಿಗೆ ತಾಗಿದರೆ ಪುಡಿಪುಡಿ. ನಮ್ಮ ಮನೆಗಳಲ್ಲಿ ನೆಲ ಶಹಾಬಾದ ಫರಸಿ, ಇಲ್ಲವೇ ಟೈಲ್ಸು. ತೆಗೆದ ಗಾಜನ್ನು ನೆಲದ ಮೇಲೆ ಅಂಚಿಗೆ ನಿಲ್ಲಿಸಿದಿರೋ, ಕಥೆ ಮುಗಿಯಿತು. ಬೆಂಗಳೂರಿನ ಎಸ್.ಪಿ. ರೋಡಿನಿಂದ ತರುತ್ತೇನೆ ಅನ್ನುವವರು ರಾತ್ರಿ ಬಸ್ಸಿನ ಡಿಕ್ಕಿಯಲ್ಲಿ ಅದು ಹೇಗೆ ಬರುತ್ತದೆ ಅಂತಲೂ ಯೋಚಿಸಿ.

ಇನ್ನೊಂದು ಮುಖ್ಯ ವಿಷಯ. ಯೂಟ್ಯೂಬಿನಲ್ಲಿ ಕ್ಯಾಬಿನೆಟ್ಟುಗಳ ಬಗ್ಗೆ ಚಂದ ಚಂದ ವಿಮರ್ಶೆ ಬರುತ್ತವೆ. ನಾನೂ ನೋಡುತ್ತೇನೆ, ಬಹಳ ಕಲಿತಿದ್ದೇನೆ. ಆದರೆ ಅವರು ಅಳೆಯುವುದು ಇಪ್ಪತ್ತು ಚಿಲ್ಲರೆ ಡಿಗ್ರಿಯ ತಂಪು ಕೋಣೆಯಲ್ಲಿ, ಅವತ್ತೇ ಪೆಟ್ಟಿಗೆಯಿಂದ ತೆಗೆದ ಹೊಸ ಕ್ಯಾಬಿನೆಟ್ಟನ್ನು. ನಮ್ಮಲ್ಲಿ ಏಪ್ರಿಲ್ ತಿಂಗಳಲ್ಲಿ ಮಧ್ಯಾಹ್ನ 36-37 ಡಿಗ್ರಿ ಹೊಸದೇನಲ್ಲ. ಫ್ಯಾನು ಎಷ್ಟೇ ಹಾಕಿ, ಒಳಗಿನ ಗಾಳಿ ಕೋಣೆಯ ಗಾಳಿಗಿಂತ ತಣ್ಣಗಾಗಲು ಸಾಧ್ಯವಿಲ್ಲ. ಕಂಪ್ಯೂಟರ್ ಎಳೆಯುವ ಕರೆಂಟೆಲ್ಲ ಕೊನೆಗೆ ಬಿಸಿಯೇ ಆಗುತ್ತದೆ. 65 ವ್ಯಾಟಿನ ಪ್ರೊಸೆಸರ್, 130 ವ್ಯಾಟಿನ ಗ್ರಾಫಿಕ್ಸ್ ಕಾರ್ಡು ಪೂರ್ತಿ ದುಡಿಯುತ್ತಿವೆ ಅಂದರೆ, ಡಬ್ಬಿಯೊಳಗೆ ನೂರು ವ್ಯಾಟಿನ ಹಳೇ ಬಲ್ಬು ಎರಡು ಉರಿಸಿಟ್ಟ ಹಾಗೆ. ಆ ಬಿಸಿ ಹೊರಗೆ ಹೋಗಲೇಬೇಕು.

ಬಿಸಿ ಹೊರಗೆ ಹೋಗಬೇಕಾದರೆ ಗಾಳಿ ಒಳಗೆ ಬರಬೇಕು. ಗಾಳಿಯ ಜತೆಗೆ ಯಾರು ಬರುತ್ತಾರೆ? ನಮ್ಮೂರ ಖಾಯಂ ನಿವಾಸಿ, ಧೂಳು!

ಧಾರವಾಡ ಅಲ್ಲ ಧೂಳವಾಡ ಅಂತ ನಾವೇ ತಮಾಷೆ ಮಾಡಿಕೊಳ್ಳುತ್ತೇವೆ. ಹುಬ್ಬಳ್ಳಿಯಿಂದ ನವಲಗುಂದದ ಕಡೆ ಹೊರಟರೆ ಪೂರ್ತಿ ಎರಿ ಹೊಲ. ಒಣಗಿದ ಎರಿಮಣ್ಣಿನ ಪುಡಿ ಪೌಡರಿನಷ್ಟು ನುಣುಪು, ಗಾಳಿ ಬಿಟ್ಟರೆ ಮನೆಯೊಳಗೇ ಬಂದು ಕೂರುತ್ತದೆ. ಅದು ಸಾಲದು ಅಂತ ರಸ್ತೆ ಕೆಲಸಗಳು. 2018ರಲ್ಲಿ ಚಿಗರಿ ಬಸ್ಸು ಓಡಾಡಲು ಶುರುವಾಗುವ ಮೊದಲು ಅವಳಿ ನಗರದ ನಡುವಿನ ಇಪ್ಪತ್ತೆರಡು ಕಿಲೋಮೀಟರು ಅಗೆದು ಗುಡ್ಡೆ ಹಾಕಿದ್ದ ವರ್ಷಗಳನ್ನು ಯಾರು ಮರೆಯುತ್ತಾರೆ? ಆಮೇಲೆ ಚೆನ್ನಮ್ಮ ಸರ್ಕಲ್ಲಿನ ಫ್ಲೈಓವರ್ ಕೆಲಸ ಬಂತು. ಇನ್ನು ಹಳೇ ಧಾರವಾಡದ, ಹಳ್ಳಿಗಳ ಜಂತಿ ಮನೆಗಳಲ್ಲಿ ಮೇಲ್ಮುದ್ದೆಯ ಮಣ್ಣು ತಾನಾಗಿಯೇ ಉದುರುತ್ತಿರುತ್ತದೆ. ಈ ಧೂಳು ಪ್ರೊಸೆಸರಿನ ಹೀಟ್‌ಸಿಂಕಿನ ಸಂದಿಯಲ್ಲಿ ಕಂಬಳಿ ಹೊದಿಸಿದ ಹಾಗೆ ಕೂತುಬಿಡುತ್ತದೆ. ಬೇಸಿಗೆ ಮುಗಿದು ಜುಲೈ ತಿಂಗಳ ಜಿಟಿಜಿಟಿ ಮಳೆಗೆ ಅದೇ ಧೂಳು ತೇವ ಎಳೆದುಕೊಂಡು ಬೋರ್ಡಿಗೆ ಮೆತ್ತಿಕೊಳ್ಳುತ್ತದೆ.

ಹಾಗಾಗಿ ನಮ್ಮೂರಿಗೆ ಕ್ಯಾಬಿನೆಟ್ಟು ಹೀಗಿರಬೇಕು. ಮುಂದೆ ಸಣ್ಣ ಕಣ್ಣಿನ ಜಾಳಿಗೆ, ಅದು ಕೈಯಿಂದ ಎಳೆದರೆ ಕಳಚಿ ಬರಬೇಕು, ನಲ್ಲಿ ಕೆಳಗೆ ಹಿಡಿದು ತೊಳೆಯುವಂತಿರಬೇಕು. ಸ್ಕ್ರೂ ಬಿಚ್ಚಿ ತೆಗೆಯುವ ಜಾಳಿಗೆಯನ್ನು ಯಾರೂ ತೊಳೆಯುವುದಿಲ್ಲ, ಇದು ಮನುಷ್ಯ ಸ್ವಭಾವ. ಈಗ ಎಸ್‌ಎಂಪಿಎಸ್ ಕೂರುವುದು ಕೆಳಗೆ, ಗಾಳಿ ಎಳೆಯುವುದೂ ಕೆಳಗಿನಿಂದ. ಆದ್ದರಿಂದ ಅಲ್ಲೂ ಒಂದು ಜಾಳಿಗೆ ಬೇಕು, ಮತ್ತೆ ಡಬ್ಬಿಯನ್ನು ನೆಲದ ಮೇಲೆ ಇಡಬಾರದು. ಬೆಳಿಗ್ಗೆ ಕಸಬರಿಗೆ ಎಬ್ಬಿಸಿದ ಧೂಳಿನ ಮೊದಲ ಗಿರಾಕಿ ಅದೇ ಆಗುತ್ತದೆ. ಮೇಲ್ಭಾಗ ಪೂರ್ತಿ ತೂತಿರುವ ಕ್ಯಾಬಿನೆಟ್ಟಿಗೆ ಕಾಂತದ ಜಾಳಿಗೆ ಮುಚ್ಚಿರಬೇಕು. ಜಂತಿ ಮನೆಯವರು ಮೇಲೆ ಪೂರ್ತಿ ಮುಚ್ಚಿದ್ದನ್ನೇ ಆರಿಸುವುದು ಕ್ಷೇಮ.

ಫ್ಯಾನು ಎಷ್ಟು? ಎರಡು ಒಳಗೆ, ಒಂದು ಹೊರಗೆ. ಮೂರು ಸಾದಾ 120 ಮಿಲಿಮೀಟರಿನ ಫ್ಯಾನು ಸಾಕು. ಒಳಗೆ ಬರುವ ಗಾಳಿ ಹೊರಗೆ ಹೋಗುವುದಕ್ಕಿಂತ ಸ್ವಲ್ಪ ಜಾಸ್ತಿ ಇದ್ದರೆ, ಉಳಿದ ಗಾಳಿ ಸಂದಿಗೊಂದಿಗಳಿಂದ ತಾನಾಗಿ ಹೊರಗೆ ನುಗ್ಗುತ್ತದೆ, ಆ ಸಂದಿಗಳಿಂದ ಧೂಳು ಒಳಗೆ ಬರುವುದಿಲ್ಲ. ಬರುವ ಗಾಳಿಯೆಲ್ಲ ಜಾಳಿಗೆ ದಾಟಿಯೇ ಬರಬೇಕು. ಉಲ್ಟಾ ಮಾಡಿ ಮೂರನ್ನೂ ಹೊರಗೆ ತಿರುಗಿಸಿದರೆ ಪ್ರತಿ ಸಂದಿಯೂ ಧೂಳು ಎಳೆಯುವ ಬಾಯಿ ಆಗುತ್ತದೆ. ದೀಪದ ಆರು ಫ್ಯಾನಿನ ಬದಲು ದೀಪವಿಲ್ಲದ ಮೂರು, ಅಷ್ಟೇ. ಹಿಂದಿನ ಕಾರ್ಡು ಸ್ಲಾಟಿನ ತಗಡಿನ ಪಟ್ಟಿಗಳು ಎಲ್ಲ ಇವೆಯೋ ಎಣಿಸಿಕೊಳ್ಳಿ. ಒಂದು ಖಾಲಿ ಬಿಟ್ಟರೆ ಹಲ್ಲಿ ಬಾಡಿಗೆಗೆ ಬರುತ್ತದೆ :-)

ಅಳತೆಯ ಬಗ್ಗೆ ಎರಡು ಮಾತು. ಕಡಿಮೆ ಬೆಲೆಯ ಬೋರ್ಡುಗಳಲ್ಲಿ ಹೆಚ್ಚಿನವು ಮೈಕ್ರೋ ಎಟಿಎಕ್ಸ್, ಅಂದರೆ 244 ಮಿಲಿಮೀಟರಿನ ಚೌಕ. ಪೂರ್ತಿ ಎಟಿಎಕ್ಸ್ ಬೋರ್ಡು 305 × 244. ದೊಡ್ಡ ಡಬ್ಬಿಯಲ್ಲಿ ಸಣ್ಣ ಬೋರ್ಡು ಕೂರುತ್ತದೆ, ಸಣ್ಣದರಲ್ಲಿ ದೊಡ್ಡದು ಕೂರುವುದಿಲ್ಲ. ಗ್ರಾಫಿಕ್ಸ್ ಕಾರ್ಡಿನ ಉದ್ದ, ಪ್ರೊಸೆಸರ್ ಕೂಲರಿನ ಎತ್ತರ ಎರಡನ್ನೂ ಡಬ್ಬಿಯ ವಿವರದ ಜತೆ ತಾಳೆ ನೋಡಿ. ತಗಡನ್ನು ಬೆರಳಿನಿಂದ ಒತ್ತಿ ನೋಡಿ. ಅರ್ಧ ಮಿಲಿಮೀಟರಿನ ತಗಡು ಬಳುಕುತ್ತದೆ, ಫ್ಯಾನ್ ತಿರುಗುವಾಗ ಗಿಜಿಗಿಜಿ ಅನ್ನುತ್ತದೆ, ಅಂಚು ಮಡಚಿರದಿದ್ದರೆ ಕೈಯನ್ನೂ ಕೊಯ್ಯುತ್ತದೆ.

ಈಗ ಯಾವ ವಿಮರ್ಶೆಯಲ್ಲೂ ಅಷ್ಟಾಗಿ ಹೇಳದ ವಿಷಯ, ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವ ವಿಷಯ. ಕ್ಯಾಬಿನೆಟ್ಟು ಮುಟ್ಟಿದರೆ "ಜುಮ್" ಅನ್ನುತ್ತದೆ, ಗೊತ್ತಲ್ಲ? ನಮ್ಮ ಕಡೆ ಹಳೇ ಮನೆಗಳಲ್ಲಿ, ಹುಡುಗರು ಇರುವ ಬಾಡಿಗೆ ಕೋಣೆಗಳಲ್ಲಿ ಇದು ಎಷ್ಟು ಸಾಮಾನ್ಯ ಅಂದರೆ, "ಚಪ್ಪಲ್ ಹಾಕ್ಕೊಂಡು ಮುಟ್ಟಲೇ" ಅಂತ ಉಪಾಯವನ್ನೂ ಹೇಳಿಕೊಡುತ್ತಾರೆ!

ಅದು ಯಾಕೆ ಆಗುತ್ತದೆ? ಎಸ್‌ಎಂಪಿಎಸ್‌ನ ಒಳಗೆ ಕರೆಂಟು ಬರುವ ಬಾಗಿಲಲ್ಲೇ ಗದ್ದಲ ಸೋಸಲು ಎರಡು ಪುಟ್ಟ ಕೆಪಾಸಿಟರುಗಳು ಇರುತ್ತವೆ. ಒಂದು ಫೇಸಿನಿಂದ ಡಬ್ಬಿಗೆ, ಇನ್ನೊಂದು ನ್ಯೂಟ್ರಲ್ಲಿನಿಂದ ಡಬ್ಬಿಗೆ. ಡಬ್ಬಿ ಅರ್ಥಿಂಗಿಗೆ ಸೇರಿದ್ದರೆ ಅಲ್ಲಿ ಸೋರುವ ಚೂರು ಕರೆಂಟು ಭೂಮಿಗೆ ಹೋಗುತ್ತದೆ, ನಮಗೆ ತಿಳಿಯುವುದೇ ಇಲ್ಲ. ಅರ್ಥಿಂಗ್ ಇಲ್ಲದಿದ್ದರೆ ಡಬ್ಬಿ 230ರ ಅರ್ಧ, ಅಂದರೆ 115 ವೋಲ್ಟಿನ ಹತ್ತಿರ ನಿಂತುಬಿಡುತ್ತದೆ. ಕರೆಂಟು ತೀರಾ ಸಣ್ಣದು, ಹಾಗಾಗಿ ಬರೀ ಜುಮ್. ಆದರೆ ಆ ಜುಮ್ ಒಂದು ಎಚ್ಚರಿಕೆ. ನಾಳೆ ಒಳಗೆ ಯಾವುದೋ ವೈರಿನ ಸಿಪ್ಪೆ ಸುಲಿದು ಫೇಸು ನೇರ ಡಬ್ಬಿಗೆ ತಾಗಿದರೆ, ಅರ್ಥಿಂಗ್ ಸರಿಯಿರುವ ಮನೆಯಲ್ಲಿ ಫ್ಯೂಸ್ ಹಾರುತ್ತದೆ. ಇಲ್ಲದ ಮನೆಯಲ್ಲಿ ಡಬ್ಬಿಗೆ ಪೂರ್ತಿ 230 ಬಂದು ಕೂತಿರುತ್ತದೆ, ಮುಟ್ಟುವವರನ್ನು ಕಾಯುತ್ತಾ. ಅದು ಕೂದಲು ಕಿತ್ತುಹೋಗುವ ಮಾತಲ್ಲ, ಜೀವದ ಮಾತು.

ಹಾಗಾಗಿ ಡಬ್ಬಿ ತರುವ ಮೊದಲು ಇಲೆಕ್ಟ್ರಿಶಿಯನ್ ಕರೆಸಿ ಆ ಕೋಣೆಯ ಪ್ಲಗ್ಗಿಗೆ ಅರ್ಥಿಂಗ್ ಇದೆಯೇ ಅಂತ ನೋಡಿಸಿ. ಪ್ಲಗ್ಗಿನ ಮೂರನೆಯ ದಪ್ಪ ಪಿನ್ನನ್ನು ಮುರಿಯಬೇಡಿ, ಎರಡು ಪಿನ್ನಿನ ಅಡಾಪ್ಟರಿಗೆ ಸಿಗಿಸಬೇಡಿ. ಜಾಳಿಗೆಯ ಡಬ್ಬಿ, ಗಾಜಿನ ಡಬ್ಬಿ ಎರಡಕ್ಕೂ ಈ ಮಾತು ಒಂದೇ. ನಲವತ್ತೈದು ಸಾವಿರದ ಪಟ್ಟಿಯಲ್ಲಿ ಇದಕ್ಕೊಂದು ಸಾಲು ಇರಬೇಕು, ಬಣ್ಣದ ದೀಪಕ್ಕಿಂತ ಮೇಲೆ.

ಕಾಕಾಗೆ ಇದನ್ನೆಲ್ಲ ಹೇಳಿದ ಮೇಲೆ "ಹಂಗಾರ ತರ್ರಿ" ಅಂದರು. ತಂದದ್ದು ಮುಂದೆ ಜಾಳಿಗೆ ಇರುವ, ದೀಪವಿಲ್ಲದ, ಕಪ್ಪು ತಗಡಿನ ಡಬ್ಬಿ. ಹುಡುಗನ ಮುಖ ಸ್ವಲ್ಪ ಸಣ್ಣದಾಗಿತ್ತು, ಗೆಳೆಯರ ಕೋಣೆಯಲ್ಲಿ ಮಿನುಗುವುದನ್ನು ನೋಡಿದ್ದಾನಲ್ಲ. ಗಾಜಿನದಕ್ಕೂ ಇದಕ್ಕೂ ಇದ್ದ ವ್ಯತ್ಯಾಸದಲ್ಲಿ ಒಳ್ಳೆಯ ಎಸ್‌ಎಂಪಿಎಸ್ ಬಂತು ಅಂತ ಹೇಳಿ ಸಮಾಧಾನ ಮಾಡಿದೆ. ಪೂರ್ತಿ ಆಗಲಿಲ್ಲ. ಆ ವಯಸ್ಸಿನ ಆಸೆಯೂ ಸುಳ್ಳಲ್ಲ, ಅದನ್ನು ನಾನು ನಗುವುದಿಲ್ಲ.

ಇಷ್ಟೂ ರೊಕ್ಕ ಇಲ್ಲದವರಿಗೆ ಇನ್ನೊಂದು ದಾರಿ ಇದೆ, ಅದನ್ನು ಹೇಳದೆ ಮುಗಿಸಿದರೆ ಅನ್ಯಾಯ. ನಿಮ್ಮ ಮನೆಯ ಅಟ್ಟದ ಮೇಲೆ ಪೆಂಟಿಯಂ 4 ಕಾಲದ ಬಿಳಿ ಡಬ್ಬಿ ಇದೆಯೇ? ಗುಜರಿಗೆ ಹಾಕಬೇಡಿ. ಇಂಟೆಲ್ ಎಟಿಎಕ್ಸ್ ಅಳತೆಯನ್ನು ಹೊರತಂದದ್ದು 1995ರಲ್ಲಿ. 2004ರಲ್ಲಿ ಇಂಟೆಲ್ಲೇ ಬಿಟಿಎಕ್ಸ್ ಅಂತ ಹೊಸದನ್ನು ತಂದು ಇದನ್ನು ಕೂರಿಸಲು ನೋಡಿತು, ಹೆಚ್ಚಿನವರು ಒಪ್ಪಲಿಲ್ಲ. ಹಳೆಯದೇ ಉಳಿಯಿತು. ಹಾಗಾಗಿ ಇಪ್ಪತ್ತು ವರ್ಷ ಹಿಂದಿನ ಡಬ್ಬಿಯ ಸ್ಕ್ರೂ ತೂತಿಗೆ ಇವತ್ತಿನ ಮೈಕ್ರೋ ಎಟಿಎಕ್ಸ್ ಬೋರ್ಡು ಕೂರುತ್ತದೆ. ಹಿಂದಿನ ಕಿಂಡಿಯ ಅಳತೆ ಅದೇ. ಎಸ್‌ಎಂಪಿಎಸ್‌ನ ಮುಖದ ಅಳತೆ, ನಾಲ್ಕು ಸ್ಕ್ರೂ ಅವೇ. ಪವರ್ ಬಟನ್ನಿನ ಎರಡು ಪಿನ್ನಿನ ವೈರು ಕೂಡ ಇಂದಿಗೂ ಅದೇ. ಕಂಪ್ಯೂಟರ್ ಜಗತ್ತಿನಲ್ಲಿ ಇಷ್ಟು ವರ್ಷ ಬದಲಾಗದ ವಸ್ತು ಇನ್ನೊಂದು ಸಿಗುವುದು ಕಷ್ಟ.

ಮಾಡಬೇಕಾದ್ದು ಇಷ್ಟು. ಹಳೇ ಎಸ್‌ಎಂಪಿಎಸ್ ತೆಗೆದು ಹೊಸದು ಹಾಕಿ, ಇದರಲ್ಲಿ ಜಿಪುಣತನ ಬೇಡ. ಬ್ರಶ್ಶಿನಿಂದ ಧೂಳು ಕೊಡವಿ. ಹಿಂದೆ 80 ಅಥವಾ 92 ಮಿಲಿಮೀಟರಿನ ಹೊಸ ಫ್ಯಾನು ಹಾಕಿ. ಪಕ್ಕದ ಬಾಗಿಲಿನಲ್ಲಿ ಪ್ರೊಸೆಸರಿನ ಎದುರಿಗೆ ಕೊಳವೆಯಂಥದ್ದು ಇದ್ದರೆ ಮತ್ತೂ ಒಳ್ಳೆಯದು, ಹೊರಗಿನ ತಣ್ಣನೆಯ ಗಾಳಿ ನೇರ ಕೂಲರಿಗೆ ಹೋಗಲಿ ಅಂತ ಆ ಕಾಲದಲ್ಲಿ ಮಾಡಿದ್ದು. ಹೊಸ ಕೂಲರು ಎತ್ತರವಿದ್ದು ಅದಕ್ಕೆ ತಾಗಿದರೆ ಕೊಳವೆ ಕಳಚಿಡಿ. ಆ ಕಿಂಡಿಗೊಂದು ಸೊಳ್ಳೆ ಪರದೆಯ ತುಂಡು ಒಳಗಿನಿಂದ ಅಂಟಿಸಿ. ದೊಡ್ಡ ಗ್ರಾಫಿಕ್ಸ್ ಕಾರ್ಡು ಇದರಲ್ಲಿ ಹಿಡಿಯುವುದಿಲ್ಲ, ಹಾರ್ಡ್ ಡಿಸ್ಕಿನ ಗೂಡು ಅಡ್ಡ ಬರುತ್ತದೆ. ಮುಂದುಗಡೆ ವೇಗದ ಯುಎಸ್‌ಬಿ ಇರುವುದಿಲ್ಲ, ಹಿಂದಿನದನ್ನೇ ಬಳಸಬೇಕು. ಕಂಪನಿಯವರೇ ಜೋಡಿಸಿ ಮಾರಿದ ಕೆಲವು ಡಬ್ಬಿಗಳ ಅಳತೆ ಅವರದೇ ಆಗಿರುತ್ತದೆ, ಮೊದಲೇ ಅಳೆದು ನೋಡಿ. ಪ್ರೋಗ್ರಾಮಿಂಗ್ ಕಲಿಯುವ, ಪ್ರಾಜೆಕ್ಟ್ ಬರೆಯುವ ಹುಡುಗ ಹುಡುಗಿಯರಿಗೆ ಇದು ಧಾರಾಳ ಸಾಕು.

ಹೊಸದಿರಲಿ, ಹಳೆಯದಿರಲಿ, ವರ್ಷಕ್ಕೆ ಎರಡು ಸಲ ಬಾಗಿಲು ತೆಗೆದು ಧೂಳು ಹೊಡೆಯುವುದು ತಪ್ಪಬಾರದು. ತಾರೀಖು ನೆನಪಿಡುವುದು ಕಷ್ಟ ಅನ್ನುವವರಿಗೆ ಒಂದು ಸುಲಭ ಉಪಾಯ: ಯುಗಾದಿಯ ಮುಂಚೆ ಒಮ್ಮೆ, ಬೇಸಿಗೆಗೆ ತಯಾರಿ. ಖಂಡೇನವಮಿಗೆ ಇನ್ನೊಮ್ಮೆ. ಹೇಗೂ ಆ ದಿನ ಕುಂಕುಮ ಹಚ್ಚುತ್ತೀರಿ. ಬಂದ್ ಮಾಡಿ, ಪ್ಲಗ್ ತೆಗೆದು, ಫ್ಯಾನಿನ ಎಲೆ ತಿರುಗದಂತೆ ಬೆರಳಲ್ಲಿ ಹಿಡಿದು ಬ್ರಶ್ಶಿನಿಂದ ಒರೆಸಿ. ನಿಜವಾದ ಆಯುಧ ಪೂಜೆ ಅಂದರೆ ಅದೇ ಅಲ್ಲವೇ?

ನಿಮ್ಮ ಊರು ಯಾವುದು, ಅಲ್ಲಿ ಕಾಟ ಯಾವುದರದ್ದು? ಮಂಗಳೂರು ಕಡೆಯವರಿಗೆ ಉಪ್ಪುಗಾಳಿಯ ತುಕ್ಕು, ಕಲಬುರ್ಗಿಯವರಿಗೆ ನಮ್ಮ ಎರಡರಷ್ಟು ಸೆಕೆ ಇರಬೇಕು. ನೀವು ಡಬ್ಬಿ ಹೇಗೆ ಆರಿಸಿದಿರಿ, ಎಷ್ಟು ವರ್ಷ ಬಾಳಿತು, ಬರೆಯಿರಿ. ಗಾಜಿನ ಮಂಟಪದವರ ವಾದಕ್ಕೂ ಸ್ವಾಗತ, ಜಗಳಕ್ಕೆ ನಾನು ತಯಾರಿದ್ದೇನೆ :-)